ಬೋರಿಂಗಿನ ಹಿಡಿ ಯಾರದು, ಸ್ಪ್ಯಾನರು ಯಾರದು?

ನಮ್ಮ ಕೇರಿಗಳಿಗೆ ಬೋರಿಂಗು ಬಂದದ್ದು ಸಣ್ಣ ಸಂಗತಿಯಲ್ಲ. ಚರಿತ್ರೆ ಬರೆಯುವವರು ಇದನ್ನು ಬರೆಯಲಿಲ್ಲ. ಯಾಕೆಂದರೆ ಅವರ ಮನೆಯ ಹಿತ್ತಲಲ್ಲೇ ಬಾವಿಯಿತ್ತು. ನಮಗೆ ಇರಲಿಲ್ಲ. ಊರಬಾವಿಯ ಕಟ್ಟೆಯಿಂದ ಮಾರು ದೂರ ಕೊಡ ಇಟ್ಟುಕೊಂಡು, ಯಾರಾದರೂ ಸೇದಿ ಹುಯ್ದರೆ ಉಂಟು, ಇಲ್ಲದಿದ್ದರೆ ಇಲ್ಲ ಅಂತ ಹೊತ್ತು ಮುಳುಗುವವರೆಗೂ ಕಾದವರ ಮಕ್ಕಳು ನಾವು. ಬೋರಿಂಗಿನ ಹಿಡಿಗೆ ಮೈಲಿಗೆ ಅಂದರೇನು ಅಂತ ಗೊತ್ತಿರಲಿಲ್ಲ. ಒತ್ತಿದವರಿಗೆಲ್ಲ ನೀರು ಕೊಡುತ್ತಿತ್ತು.

ಆದರೆ ಅದು ಕೆಡುತ್ತಿತ್ತು. ಕೆಟ್ಟರೆ ಅರ್ಜಿ ಬರೆಸಬೇಕು, ಅರ್ಜಿ ಹಿಡಿದು ಅಲೆಯಬೇಕು, ಜೀಪಿಗಾಗಿ ವಾರಗಟ್ಟಲೆ ಕಾಯಬೇಕು. ಅಷ್ಟು ದಿನವೂ ನಮ್ಮ ಅವ್ವಂದಿರು ಮತ್ತೆ ಹೊಂಡದ ನೀರಿಗೆ. ಕೊನೆಗೊಂದು ದಿನ ಜೀಪು ಬರುತ್ತಿತ್ತು. ಬಂದವರು ನಟ್ಟು ಬೋಲ್ಟು ಬಿಚ್ಚಿ, ನಮ್ಮ ಗಂಡಾಳುಗಳ ಕೈಯಲ್ಲೇ ಪೈಪು ಎತ್ತಿಸಿ, ಕೆಳಗಿನಿಂದ ಏನೋ ಒಂದನ್ನು ತೆಗೆದು ಬೇರೊಂದನ್ನು ಹಾಕಿ ಹೋಗುತ್ತಿದ್ದರು. "ಏನಾಗಿತ್ತು ಸಾ?" ಅಂತ ಕೇಳಿದರೆ, "ನಿಮಗೆ ಗೊತ್ತಾಗಲ್ಲ ಹೋಗ್ರಯ್ಯಾ" ಅನ್ನುವ ಉತ್ತರ.

ಏನಾಗಿತ್ತು ಅನ್ನುವುದು ನಮಗೆ ಬಹಳ ತಡವಾಗಿ, ಪುಸ್ತಕ ಓದಿದ ಮೇಲೆ ಗೊತ್ತಾಯಿತು. ನೆಲದೊಳಗಿನ ಸಿಲಿಂಡರಿನಲ್ಲಿ ನೀರನ್ನು ಹಿಡಿದು ಮೇಲೆತ್ತುವುದು ಬಟ್ಟಲಿನಾಕಾರದ ಒಂದು ಚರ್ಮದ ವಾಷರು. ಅದು ಸವೆದರೆ ಎಷ್ಟು ಒತ್ತಿದರೂ ನೀರು ಜಾರಿ ಕೆಳಗಿಳಿಯುತ್ತದೆ. ಚರ್ಮ! ತಲೆತಲಾಂತರದಿಂದ ಚರ್ಮ ಹದ ಮಾಡಿದವರು ನಾವು. ಬಾವಿಯ ಕಪಿಲೆಯ ತೊಗಲು ಹೊಲಿದು ಕೊಟ್ಟು, ಅದೇ ಬಾವಿಯಿಂದ ದೂರ ನಿಂತವರು ನಾವು. ಚರ್ಮ ಎಷ್ಟು ನೆನೆಯಬೇಕು, ಎಷ್ಟು ಸವೆದರೆ ಬದಲಿಸಬೇಕು ಅಂತ ಅಂಗೈಯಲ್ಲೇ ಗೊತ್ತಿದ್ದ ನಮಗೆ "ಗೊತ್ತಾಗಲ್ಲ" ಅಂತ ಹೇಳಿ ಜೀಪು ಹೊರಟು ಹೋಯಿತು.

ಈ "ಗೊತ್ತಾಗಲ್ಲ" ಅನ್ನುವ ಮಾತಿಗೂ ಒಂದು ಚರಿತ್ರೆ ಇದೆ. ಎಂಜಿನಿಯರ್ ಅಲ್ಲದವರಿಗೆ ಯಂತ್ರದ ತಿಳಿವಳಿಕೆ ಕೊಡಬೇಕೋ ಬೇಡವೋ, ಕೊಡುವುದಾದರೆ ಯಾವ ತಿಳಿವಳಿಕೆ, ಯಾರಿಗೆ ಅನ್ನುವ ಚರ್ಚೆ ಈ ದೇಶದಲ್ಲಿ ತೊಂಬತ್ತು ವರ್ಷ ಹತ್ತಿರ ನಡೆದಿದೆ. ಆ ಚರಿತ್ರೆಯನ್ನು ನಾವು ನೀರಿನ ದಾರಿಯಲ್ಲೇ ಹಿಡಿದು ನೋಡೋಣ. ನೀರು ಹರಿದ ಕಡೆಯಲ್ಲೆಲ್ಲ ಜಾತಿಯೂ ಹರಿದಿದೆ.

ಮೊದಲು ನಮ್ಮ ಕೆರೆಗಳಿಂದ ಶುರು ಮಾಡೋಣ. ಹಳೇ ಮೈಸೂರು ಸೀಮೆಯ ಕೆರೆಗಳಿಗೆಲ್ಲ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ಎಷ್ಟೋ ಊರುಗಳಲ್ಲಿ ಅವನು ನಮ್ಮ ಕೇರಿಯವನೇ. ತೂಬು ಎತ್ತುವವನು ಅವನು, ಇಳಿಸುವವನು ಅವನು. ಕೆರೆಯಲ್ಲಿ ಎಷ್ಟು ನೀರಿದ್ದರೆ ಎಷ್ಟು ಗದ್ದೆಗೆ ಎಷ್ಟು ದಿನ ಸಾಕು, ಯಾವ ಬಯಲಿಗೆ ಮೊದಲು ಬಿಡಬೇಕು, ಏರಿಯಲ್ಲಿ ಎಲ್ಲಿ ಒಸರುತ್ತಿದೆ, ಕೋಡಿ ಬಿದ್ದರೆ ಯಾವ ಕಡೆ ಅಪಾಯ, ಇಷ್ಟೂ ಅವನ ತಲೆಯಲ್ಲಿತ್ತು. ಗದ್ದೆ ಇದ್ದವರು ಜಗಳವಾಡುತ್ತಾರೆ, ಗದ್ದೆ ಇಲ್ಲದವನ ಕೈಯಲ್ಲಿ ನೀರು ಕೊಟ್ಟರೆ ನ್ಯಾಯ ಅಂತ ಊರು ಯೋಚಿಸಿತೋ ಏನೋ! ಸುಗ್ಗಿಯಲ್ಲಿ ಅವನಿಗೆ ಆಯ ಸಿಗುತ್ತಿತ್ತು. ಕಣದ ಅಂಚಿನಲ್ಲಿ ನಿಂತು ಸೆರಗೊಡ್ಡಿ ಅಳೆಸಿಕೊಳ್ಳಬೇಕಾಗಿತ್ತು. ಇಡೀ ಊರಿನ ನೀರಿನ ಲೆಕ್ಕ ಹಾಕುವ ಎಂಜಿನಿಯರು, ಕಣದಲ್ಲಿ ಭಿಕ್ಷುಕ.

1856ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನ ಕಾಲದಲ್ಲಿ ಮೈಸೂರಿಗೆ ಲೋಕೋಪಯೋಗಿ ಇಲಾಖೆ ಬಂತು. ಆಮೇಲೆ ಕೆರೆಯ ಜ್ಞಾನ ನಿಧಾನವಾಗಿ ನಕ್ಷೆಗೆ, ಅಳತೆ ಪುಸ್ತಕಕ್ಕೆ, ಎಸ್ಟಿಮೇಟಿಗೆ ಹೋಯಿತು. ನಕ್ಷೆ ತಪ್ಪಲ್ಲ. ನಕ್ಷೆ ಬೇಕು. ಆದರೆ ನಕ್ಷೆ ಓದಲು ಶಾಲೆಗೆ ಹೋಗಬೇಕು, ಶಾಲೆಯ ಬಾಗಿಲು ನಮಗೆ ಮುಚ್ಚಿತ್ತು. ಹೀಗೆ ನೀರುಗಂಟಿಯ ತಲೆಯಲ್ಲಿದ್ದದ್ದು ಕಾಗದಕ್ಕೆ ಹೋಯಿತು, ಅವನ ಕೈಯಲ್ಲಿ ಹಾರೆ ಮಾತ್ರ ಉಳಿಯಿತು. ಕೈ ಒಂದು ಜಾತಿಗೆ, ತಲೆ ಇನ್ನೊಂದು ಜಾತಿಗೆ ಅನ್ನುವ ಹಳೆಯ ಧರ್ಮಶಾಸ್ತ್ರ ಈಗ ಸರ್ಕಾರದ ಮೊಹರು ಒತ್ತಿಸಿಕೊಂಡು ಹೊಸದಾಗಿ ಬಂತು.

ಕೈಯನ್ನೂ ತಲೆಯನ್ನೂ ಒಂದು ಮಾಡಬೇಕು ಅಂತ ಹೇಳಿದವರು ಇರಲಿಲ್ಲವೇ? ಇದ್ದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಸಮ್ಮೇಳನ ಕರೆದು, ಮಕ್ಕಳಿಗೆ ಒಂದು ಕಸುಬಿನ ಮೂಲಕವೇ ಎಲ್ಲ ಪಾಠ ಹೇಳಬೇಕು ಅಂದರು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯ ಮಾಡಿತು. ಎಲ್ಲ ಜಾತಿಯ ಮಕ್ಕಳೂ ಕೈಕೆಲಸ ಕಲಿಯಬೇಕು ಅನ್ನುವ ಮಾತು ಒಳ್ಳೆಯದೇ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕೈಕೆಲಸ ಅನ್ನುವುದು ಬ್ರಾಹ್ಮಣರ ಹುಡುಗನಿಗೆ ಹೊಸ ಪಾಠ, ನಮ್ಮ ಹುಡುಗನಿಗೆ ಹಳೆಯ ಶಿಕ್ಷೆ. ಅವನಿಗೆ ಬೇಕಾದದ್ದು ಚರಕ, ನಮಗೆ ಬೇಕಾದದ್ದು ಲೆಕ್ಕ ಮತ್ತು ನಕ್ಷೆ. ಇಬ್ಬರಿಗೂ ಒಂದೇ ಮದ್ದು ಹೇಗೆ ಆದೀತು?

ಈ ಅನುಮಾನ ಬರೀ ಅನುಮಾನವಾಗಿ ಉಳಿಯಲಿಲ್ಲ. 1953ರಲ್ಲಿ ಮದರಾಸು ರಾಜ್ಯದ ಮುಖ್ಯಮಂತ್ರಿ ರಾಜಗೋಪಾಲಾಚಾರಿಯವರು ಹಳ್ಳಿ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು. ದಿನಕ್ಕೆ ಮೂರು ಗಂಟೆ ಶಾಲೆ, ಮಿಕ್ಕ ಹೊತ್ತು ಮಗು ಅಪ್ಪನ ಕಸುಬು ಕಲಿಯಬೇಕು. ಕುಂಬಾರನ ಮಗ ಮಡಕೆ, ಚಮ್ಮಾರನ ಮಗ ಚಪ್ಪಲಿ, ತೋಟಿಯ ಮಗ? ಅದನ್ನು ಬಾಯಿಬಿಟ್ಟು ಹೇಳಲು ಅವರಿಗೂ ನಾಚಿಕೆ ಇತ್ತು. ಇದು ನಮಗೆ ದೂರದ ಮಾತಲ್ಲ. ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಆಗ ಮದರಾಸು ರಾಜ್ಯದಲ್ಲೇ ಇದ್ದವು. ಇದು ಕುಲಕಸುಬಿನ ಶಿಕ್ಷಣ ಅಂತ ಪೆರಿಯಾರ್ ರಾಮಸ್ವಾಮಿಯವರೂ ದ್ರಾವಿಡ ಚಳವಳಿಯೂ ಬೀದಿಗಿಳಿದವು. 1954ರಲ್ಲಿ ರಾಜಗೋಪಾಲಾಚಾರಿ ಅಧಿಕಾರ ಬಿಟ್ಟು ಕಾಮರಾಜರು ಬಂದರು, ಯೋಜನೆ ಬಿದ್ದುಹೋಯಿತು. ಕಸುಬು ಕಲಿಸುತ್ತೇವೆ ಅನ್ನುವ ಮಾತಿನ ಹಿಂದೆ ಜಾತಿ ಹೇಗೆ ಅಡಗಿ ಕೂರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಮೇಲೆ 1964-66ರ ಕೊಠಾರಿ ಆಯೋಗ ಶಾಲೆಗಳಲ್ಲಿ 'ಕಾರ್ಯಾನುಭವ' ಇರಬೇಕು ಅಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ 'ಸಮಾಜೋಪಯೋಗಿ ಉತ್ಪಾದಕ ಕೆಲಸ' ಅಂತ ಕರೆಯಿತು. ಕಾಗದದ ಮೇಲೆ ಹೆಸರು ಬಹಳ ಚೆನ್ನಾಗಿತ್ತು. ನಾವು ಓದಿದ ಶಾಲೆಯಲ್ಲಿ ಆ ಪೀರಿಯಡ್ಡು ಬಂದಾಗ ಏನಾಗುತ್ತಿತ್ತು? ಕೆಲವರ ಕೈಗೆ ಬಣ್ಣದ ಕಾಗದ ಮತ್ತು ಅಂಟು. ಕೆಲವರ ಕೈಗೆ ಪೊರಕೆ. ಯಾರ ಕೈಗೆ ಪೊರಕೆ ಬರುತ್ತಿತ್ತು ಅನ್ನುವುದನ್ನು ಈ ಪತ್ರಿಕೆ ಓದುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ಎಲ್ಲ ಗದ್ದಲದ ನಡುವೆ ಒಬ್ಬ ಮನುಷ್ಯ ಬೇರೆಯದೇ ಮಾತು ಆಡಿದ್ದರು. 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯಲ್ಲಿ ಬೊಗಸೆ ನೀರು ಕುಡಿದ ಬಾಬಾಸಾಹೇಬರು, ಹದಿನೈದು ವರ್ಷದ ಮೇಲೆ, 1942ರ ಜುಲೈನಲ್ಲಿ ವೈಸ್‌ರಾಯ್ ಮಂಡಲಿಯ ಕಾರ್ಮಿಕ ಸದಸ್ಯರಾದರು. ಅದೇ ವರ್ಷ ಸರ್ಕಾರಕ್ಕೆ ಅಸ್ಪೃಶ್ಯರ ಕುಂದುಕೊರತೆಗಳ ಬಗ್ಗೆ ಒಂದು ಮನವಿ ಕೊಟ್ಟರು. ಅದರಲ್ಲಿ ಅವರು ಕೇಳಿದ್ದು ಏನು ಗೊತ್ತೆ? ಬರೀ ಆರ್ಟ್ಸು, ಲಾ ಓದುವುದರಿಂದ ನಮ್ಮವರಿಗೆ ಹೆಚ್ಚು ಪ್ರಯೋಜನವಿಲ್ಲ, ಮೇಲುಮಟ್ಟದ ವಿಜ್ಞಾನ ಮತ್ತು ತಂತ್ರವಿದ್ಯೆಗೆ ವಿದ್ಯಾರ್ಥಿವೇತನ ಕೊಡಿ ಅಂದರು. ಸರ್ಕಾರಿ ಮುದ್ರಣಾಲಯಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ನಮ್ಮ ಹುಡುಗರಿಗೆ ತರಬೇತಿ ಕೊಡಿ ಅಂದರು. ನೋಡಿ ವ್ಯತ್ಯಾಸ. ಅಪ್ಪನ ಕಸುಬು ಕಲಿಸಿ ಅನ್ನಲಿಲ್ಲ. ಅಪ್ಪನಿಗೆ ಬಾಗಿಲು ಮುಚ್ಚಿದ್ದ ಕಸುಬು ಕಲಿಸಿ ಅಂದರು.

ಇನ್ನೊಂದು ವಿಷಯವನ್ನು ನಾವು ಭಾಷಣಗಳಲ್ಲಿ ಮರೆತೇಬಿಡುತ್ತೇವೆ. ಅಂಬೇಡ್ಕರ್ ಓದಿದ್ದು ಅರ್ಥಶಾಸ್ತ್ರ ಮತ್ತು ಕಾನೂನು. ಎಂಜಿನಿಯರಿಂಗ್ ಅಲ್ಲ. ಆದರೂ ಆ ನಾಲ್ಕು ವರ್ಷ ದೇಶದ ವಿದ್ಯುತ್ತು ಮತ್ತು ನೀರಿನ ಯೋಜನೆಗಳು ಅವರ ಖಾತೆಯಲ್ಲಿದ್ದವು. ದಾಮೋದರ್ ಕಣಿವೆಗೆ ಬರೀ ಪ್ರವಾಹ ತಡೆಯುವ ಒಡ್ಡು ಸಾಲದು, ಅದೇ ನೀರಿನಲ್ಲಿ ವಿದ್ಯುತ್ತೂ ನೀರಾವರಿಯೂ ಆಗಬೇಕು ಅಂತ ವಾದಿಸಿದರು. 1945ರಲ್ಲಿ ಕೇಂದ್ರದ ಜಲಮಾರ್ಗ, ನೀರಾವರಿ ಮತ್ತು ನೌಕಾಯಾನ ಆಯೋಗ ಹುಟ್ಟಿದ್ದು ಅವರ ಕಾಲದಲ್ಲೇ. ಎಂಜಿನಿಯರುಗಳನ್ನು ಎದುರಿಗೆ ಕೂರಿಸಿಕೊಂಡು ಈ ನೀರು ಯಾರಿಗೆ, ಈ ಕರೆಂಟು ಎಷ್ಟು ಅಗ್ಗ ಅಂತ ಕೇಳಿದರು. ಡ್ಯಾಮು ಕಟ್ಟಲು ಅವರಿಗೆ ಬರುತ್ತಿರಲಿಲ್ಲ. ಡ್ಯಾಮನ್ನು ಪ್ರಶ್ನಿಸಲು ಬರುತ್ತಿತ್ತು. ಎಂಜಿನಿಯರ್ ಅಲ್ಲದವರು ಯಾಕೆ ತಂತ್ರವಿದ್ಯೆ ಕಲಿಯಬೇಕು ಅನ್ನುವ ಪ್ರಶ್ನೆಗೆ ನಮ್ಮ ಉತ್ತರ ಇದೇ.

ಬಾಬಾಸಾಹೇಬರು ದೊಡ್ಡವರು, ಕೊಲಂಬಿಯಾ ಓದಿದವರು, ನಮ್ಮಂಥವರಿಗೆ ಆಗುತ್ತದೆಯೇ ಅಂತ ಯಾರಾದರೂ ಕೇಳಬಹುದು. ಅದಕ್ಕೆ ಮತ್ತೆ ಬೋರಿಂಗಿನ ಹತ್ತಿರವೇ ಹೋಗೋಣ.

1966-67ರ ಬರದ ಹೊತ್ತಿನಲ್ಲಿ ಬಂಡೆ ಕೊರೆಯುವ ರಿಗ್ಗುಗಳು ಈ ದೇಶಕ್ಕೆ ಬಂದವು. ಬಂಡೆಯೊಳಗೆ ಆಳದ ನೀರು ಸಿಕ್ಕಿತು. ಮೇಲೆ ಕೂರಿಸಿದ್ದು ಮಾತ್ರ ಬೀಡುಕಬ್ಬಿಣದ ಪಂಪು. ಅದು ಯೂರೋಪು ಅಮೆರಿಕಗಳಲ್ಲಿ ಒಂದೊಂದು ಮನೆಯವರು ಬಳಸುತ್ತಿದ್ದ ಪಂಪಿನ ನಕಲು. ಇಲ್ಲಿ ಇಡೀ ಊರು ಬೆಳಗಿಂದ ರಾತ್ರಿವರೆಗೆ ಒತ್ತುತ್ತಿತ್ತು. ತಡೆಯುತ್ತದೆಯೇ? 1970ರ ದಶಕದ ನಡುವೆ ಕೆಲವು ರಾಜ್ಯಗಳಲ್ಲಿ ಪರೀಕ್ಷಿಸಿದಾಗ ನಾಲ್ಕರಲ್ಲಿ ಮೂರು ಪಂಪು ಕೆಟ್ಟು ನಿಂತಿದ್ದವು. ಆಗ ಯುನಿಸೆಫ್‌ನವರೂ ಸರ್ಕಾರದವರೂ ಗಟ್ಟಿಯಾದ ಪಂಪು ಹುಡುಕಿದಾಗ ಅವರ ಕಣ್ಣಿಗೆ ಬಿದ್ದದ್ದು ಸೊಲ್ಲಾಪುರದ ಪಂಪು. ಅದನ್ನು ಮಾಡಿದವನು ತಾನೇ ಕಲಿತ ಒಬ್ಬ ಮೆಕ್ಯಾನಿಕ್ಕು, ಯಾವ ಕಾಲೇಜಿನ ಎಂಜಿನಿಯರೂ ಅಲ್ಲ. ಅದನ್ನೇ ತಿದ್ದಿ ತೀಡಿ ಮದರಾಸಿನ ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಕಾರ್ಖಾನೆಯಲ್ಲಿ 'ಇಂಡಿಯಾ ಮಾರ್ಕ್ 2' ಮಾಡಿದರು. ನಮ್ಮ ಕೇರಿಯ ಬೋರಿಂಗು ಇದೇ. ಹಿಡಿಯ ಉದ್ದದ ಲೆಕ್ಕದಲ್ಲಿ ನಾವು ಒತ್ತುವ ಬಲ ಎಂಟು ಪಟ್ಟಾಗುತ್ತದೆ. ಒಳಗಿನ ರಾಡನ್ನು ಎಳೆಯುವುದು ಒಂದು ಚೈನು. ನಲವತ್ತು ಸಲ ಒತ್ತಿದರೆ ಸುಮಾರು ಒಂದು ಕೊಡ ನೀರು. ಇಷ್ಟೇ ಅದರ ರಹಸ್ಯ.

ಪಂಪು ಗಟ್ಟಿಯಾಯಿತು, ಆದರೆ ದುರಸ್ತಿ ಜೀಪಿನ ಕೈಯಲ್ಲೇ ಉಳಿಯಿತು. ಸಣ್ಣ ವಾಷರು ಬದಲಿಸಲು ಮೂರು ಮೂರು ಮೀಟರಿನ ಅಷ್ಟೂ ಪೈಪು ಎತ್ತಬೇಕು, ಅದಕ್ಕೆ ಬೇಕಾದ ಹತಾರ ಊರಿನಲ್ಲಿ ಇಲ್ಲ. 1983ರಿಂದ ಕೊಯಮತ್ತೂರಿನ ಕಡೆ ಐದು ವರ್ಷ ಪರೀಕ್ಷೆ ನಡೆಸಿ, ಪೈಪು ಎತ್ತದೆಯೇ ವಾಷರು ತೆಗೆಯುವಂಥ ಮಾರ್ಕ್ 3 ಮಾಡಿದರು. ಚರ್ಮದ ಬದಲು ರಬ್ಬರಿನ ವಾಷರು ಬಂತು. ಊರಿನವರೇ ರಿಪೇರಿ ಮಾಡಿಕೊಳ್ಳುವಂಥ ಯಂತ್ರ ಬೇಕು ಅಂತ ಎಂಜಿನಿಯರುಗಳಿಗೇ ಅರ್ಥವಾದ ಕಾಲ ಅದು.

ಊರಿನವರು ಅಂದರೆ ಯಾರು? ಈ ಪ್ರಶ್ನೆಗೆ ಉತ್ತರ ಬಂದದ್ದು ಉತ್ತರ ಪ್ರದೇಶದ ಬಾಂದಾ ಜಿಲ್ಲೆಯಿಂದ. 1989ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಸಮಖ್ಯಾ ಕಾರ್ಯಕ್ರಮ ಉತ್ತರ ಪ್ರದೇಶ, ಗುಜರಾತ್ ಮತ್ತು ಕರ್ನಾಟಕಗಳಲ್ಲಿ ಶುರುವಾಯಿತು. ನಮ್ಮಲ್ಲಿ ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ. ಬಾಂದಾ ಜಿಲ್ಲೆಯ ಮಾಣಿಕಪುರದ ಸುತ್ತ, ದಲಿತ ಮತ್ತು ಕೋಲ್ ಆದಿವಾಸಿ ಹೆಂಗಸರನ್ನು ನಿಮಗೆ ಏನು ಬೇಕು ಅಂತ ಕೇಳಿದರೆ, ನೀರು ಅಂದರು. ಬರಗಾಲದ ಕಲ್ಲು ಸೀಮೆ ಅದು. ಪಂಪುಗಳು ಕೆಟ್ಟು ನಿಂತಿದ್ದವು. ಹಾಗಾದರೆ ರಿಪೇರಿ ನೀವೇ ಕಲಿಯಿರಿ ಅಂತ ತರಬೇತಿ ಕೊಟ್ಟರು. ಅಕ್ಷರ ಬಾರದ ಹೆಂಗಸರು ಸ್ಪ್ಯಾನರು ಹಿಡಿದರು, ಪೈಪು ಎತ್ತಿದರು, ಸಿಲಿಂಡರು ಬಿಚ್ಚಿದರು. ಕೆಡುವಾಗ ಪಂಪು ಜಾತಿ ನೋಡುವುದಿಲ್ಲ. ಬಿಗಿಯುವಾಗ ನಟ್ಟು ಹೆಣ್ಣೋ ಗಂಡೋ ಅಂತ ಕೇಳುವುದಿಲ್ಲ.

ಆಮೇಲೆ ನಡೆದದ್ದು ಇನ್ನೂ ದೊಡ್ಡದು. ಯಾವ ಪಂಪು ಯಾವತ್ತು ಕೆಟ್ಟಿತು, ಏನು ಬದಲಿಸಿದೆವು ಅಂತ ಬರೆದಿಡಬೇಕಾಯಿತು. ಆಗ ಆ ಹೆಂಗಸರು ನಮಗೆ ಓದು ಬರಹ ಕಲಿಸಿ ಅಂತ ತಾವೇ ಪಟ್ಟುಹಿಡಿದರು. ಸಾಕ್ಷರತೆಯ ಶಿಬಿರಗಳು ನಡೆದವು. 1993ರಲ್ಲಿ ಅವರದೇ ಬುಂದೇಲಿ ಮಾತಿನಲ್ಲಿ 'ಮಹಿಳಾ ಡಾಕಿಯಾ' ಅನ್ನುವ ಪತ್ರಿಕೆ ಹೊರಟಿತು. ಅದೇ ಮಣ್ಣಿನಲ್ಲಿ 2002ರಲ್ಲಿ 'ಖಬರ್ ಲಹರಿಯಾ' ಹುಟ್ಟಿತು. ಇಡೀ ದೇಶ ಮೊದಲು ಅಕ್ಷರ, ಆಮೇಲೆ ಯಂತ್ರ ಅನ್ನುತ್ತಿತ್ತು. ಈ ತಾಯಂದಿರು ಮೊದಲು ಸ್ಪ್ಯಾನರು, ಆಮೇಲೆ ಪೆನ್ನು ಅಂತ ತೋರಿಸಿಕೊಟ್ಟರು. ಮಹಿಳಾ ಸಮಖ್ಯಾ ಕಾರ್ಯಕ್ರಮಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ಹಣ ನಿಲ್ಲಿಸಿತು. ಕಲಿತದ್ದನ್ನು ಯಾವ ಸರ್ಕಾರವೂ ವಾಪಸು ಕಿತ್ತುಕೊಳ್ಳಲಾರದು.

ಈಗ ನಮ್ಮ ಕಡೆಗೆ ಬೆರಳು ತಿರುಗಿಸಿಕೊಳ್ಳೋಣ. 1973ರ ಬೂಸಾ ಗಲಾಟೆಯಲ್ಲಿ ನಾವು ಸಾಹಿತ್ಯಕ್ಕಾಗಿ ಪೆಟ್ಟು ತಿಂದೆವು. ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಕವಿಗಳು ಬಂದರು, ಹಾಡುಗಾರರು ಬಂದರು, ವಕೀಲರು, ಮೇಷ್ಟ್ರುಗಳು ಬಂದರು. ಇದರಲ್ಲಿ ನಮಗೆ ಹೆಮ್ಮೆ ಇದೆ. ಆದರೆ ಕಬ್ಬಿಣ ಕರಗಿಸುವ ಊರಿನಲ್ಲಿ ಕಣ್ಣುಬಿಟ್ಟ ನಮ್ಮ ಚಳವಳಿ ತನ್ನ ಅಧ್ಯಯನ ಶಿಬಿರಗಳಲ್ಲಿ ಒಂದು ದಿನವಾದರೂ ಒಂದು ಪಂಪು ಬಿಚ್ಚಿ ನೋಡಿತೇ? ಒಂದು ಎಸ್ಟಿಮೇಟು ಓದುವುದನ್ನು ಕಲಿಸಿತೇ? ನಾವು ಕಂಡ ಶಿಬಿರಗಳಲ್ಲಿ ಇಲ್ಲ. ತಲೆಯ ಕೆಲಸ ಮೇಲು ಅನ್ನುವ ಹಳೆಯ ರೋಗ ನಮಗೂ ಸ್ವಲ್ಪ ತಗುಲಿತ್ತು ಅಂತ ಒಪ್ಪಿಕೊಳ್ಳಬೇಕು.

ಇವತ್ತು ಇದರ ಬೆಲೆ ತೆರುತ್ತಿರುವವರು ಯಾರು? 2013ರಲ್ಲಿ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ ಮತ್ತು ಬುಡಕಟ್ಟು ಉಪಯೋಜನೆಗೆ ಕಾನೂನೇ ಬಂತು. ಕೇರಿಗೆ ಹಣ ಬರುವುದು ಕಾಂಕ್ರೀಟು ರಸ್ತೆಯಾಗಿ, ಚರಂಡಿಯಾಗಿ, ನೀರಿನ ಟ್ಯಾಂಕಾಗಿ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಅಂತ ಕಾಗದದಲ್ಲಿ ಇದ್ದರೆ, ರಸ್ತೆಯಲ್ಲಿ ಎಷ್ಟಿದೆ? ಹಾಕಿದ ಕಾಂಕ್ರೀಟಿಗೆ ವಾರವಾದರೂ ನೀರುಣಿಸಿದರೇ? 2005ರ ಮಾಹಿತಿ ಹಕ್ಕು ಕಾನೂನು ಕಾಗದದ ನಕಲು ಕೊಡುತ್ತದೆ. ಅಷ್ಟೇ ಅಲ್ಲ, ನಡೆಯುವ ಕಾಮಗಾರಿಯನ್ನು ನೋಡುವ, ಹಾಕಿದ ಸಾಮಗ್ರಿಯ ಸ್ಯಾಂಪಲ್ ಪಡೆಯುವ ಹಕ್ಕನ್ನೂ ಕೊಡುತ್ತದೆ. ಹಕ್ಕಿದೆ, ಓದುವ ಕಣ್ಣಿಲ್ಲ. ಬಿ.ಎ. ಮುಗಿಸಿದ ನಮ್ಮ ಹುಡುಗಿ ಕುವೆಂಪುವನ್ನು ಓದಬಲ್ಲಳು, ಸಂವಿಧಾನವನ್ನು ಓದಬಲ್ಲಳು, ತನ್ನ ಬೀದಿಯ ಚರಂಡಿಯ ಎಸ್ಟಿಮೇಟು ಓದಲಾರಳು. 2021ರಲ್ಲಿ ನಮ್ಮ ರಾಜ್ಯದ ಡಿಗ್ರಿ ತರಗತಿಗಳಿಗೆ 'ಡಿಜಿಟಲ್ ಫ್ಲೂಯೆನ್ಸಿ' ಅಂತ ಒಂದು ಪೇಪರು ತಂದರು. ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ ಅಂತ ಹೆಸರು ಬಾಯಿಪಾಠ ಮಾಡಿಸಿದರು. ಹಾಸ್ಟೆಲಿನ ಮೋಟಾರು ಯಾಕೆ ಸುಟ್ಟಿತು ಅನ್ನುವುದು ಆ ಪೇಪರಿನಲ್ಲಿ ಇರಲಿಲ್ಲ.

ಕೊನೆಗೆ ಒಂದು ಮಾತು. ನೀರು ಊರೊಳಗೆ ಬರುವ ದಾರಿಯ ಬಗ್ಗೆ ಇಷ್ಟು ಹೇಳಿದೆವು. ಹೊರಗೆ ಹೋಗುವ ದಾರಿಯಲ್ಲಿ ನಮ್ಮವರು ಸಾಯುತ್ತಿದ್ದಾರೆ. ಮ್ಯಾನ್‌ಹೋಲಿನಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಒಂದು ಅನಿಲ ಇರುತ್ತದೆ, ಹೈಡ್ರೋಜನ್ ಸಲ್ಫೈಡ್. ಗಾಳಿಗಿಂತ ಭಾರ, ತಳದಲ್ಲಿ ನಿಲ್ಲುತ್ತದೆ. ಅದು ಹೆಚ್ಚಾದಾಗ ಮೂಗಿನ ಶಕ್ತಿಯೇ ಸತ್ತು ವಾಸನೆ ತಿಳಿಯುವುದಿಲ್ಲ. ವಾಸನೆ ಹೋಯಿತು, ಇನ್ನು ಪರವಾಗಿಲ್ಲ ಅಂತ ಇಳಿದವನು ಏಳುವುದಿಲ್ಲ. ಅವನನ್ನು ಎತ್ತಲು ಇಳಿದ ತಮ್ಮನೂ ಏಳುವುದಿಲ್ಲ. ರಕ್ಷಣೆಯ ಸಾಧನವಿಲ್ಲದೆ ಇಳಿಸುವುದು 2013ರ ಕಾನೂನಿನಲ್ಲಿ ಅಪರಾಧ. ಈ ಅನಿಲದ ಪಾಠ ಎಂಜಿನಿಯರಿಂಗ್ ಪುಸ್ತಕದಲ್ಲಿದೆ. ಇಳಿಯುವವನಿಗೆ ಯಾರೂ ಹೇಳಲಿಲ್ಲ. ಇದನ್ನು ಅವನಿಗೆ ಹೇಳುವುದು ಅವನು ಹುಷಾರಾಗಿ ಇಳಿಯಲಿ ಅಂತ ಅಲ್ಲ. ನಾನು ಇಳಿಯಲ್ಲ, ಯಂತ್ರ ತನ್ನಿ ಅಂತ ಕಾರಣ ಸಮೇತ ಎದ್ದು ನಿಲ್ಲಲಿ ಅಂತ.

ಆದ್ದರಿಂದ ನಾವು ಕೇಳುವುದು ಇಷ್ಟೇ. ಆರ್ಟ್ಸ್, ಕಾಮರ್ಸ್ ಓದುವ ಎಲ್ಲ ಜಾತಿಯ ಮಕ್ಕಳೂ ಒಂದು ಪಂಪು ಬಿಚ್ಚಿ ಜೋಡಿಸಲಿ, ಒಂದು ಮೀಟರು ಓದಲಿ, ಒಂದು ಎಸ್ಟಿಮೇಟನ್ನು ರಸ್ತೆಯ ಪಕ್ಕದಲ್ಲಿಟ್ಟು ಅಳೆದು ನೋಡಲಿ. ಕಾಲೇಜು ಕಲಿಸದಿದ್ದರೆ ನಮ್ಮ ಹಾಸ್ಟೆಲುಗಳಲ್ಲಿ, ನಮ್ಮ ಶಿಬಿರಗಳಲ್ಲಿ ನಾವೇ ಕಲಿಸೋಣ. ಕಲಿಸಲು ನಮ್ಮ ಕೇರಿಯಲ್ಲೇ ಗಾರೆಯವರಿದ್ದಾರೆ, ವೈರಿಂಗಿನವರಿದ್ದಾರೆ, ಮೋಟಾರು ಕಟ್ಟುವವರಿದ್ದಾರೆ. ಅವರನ್ನು ಗುರುಗಳಾಗಿ ಕೂರಿಸೋಣ. ಎಂಜಿನಿಯರಿಂಗ್ ಓದಿದ ನಮ್ಮ ಮಕ್ಕಳು ಅವರ ಪಕ್ಕದಲ್ಲಿ ಕೂತು ಕಾರಣ ಹೇಳಲಿ.

ಮಹಾಡದಲ್ಲಿ ನೀರು ಮುಟ್ಟಿ ನೂರು ವರ್ಷ ಆಗುತ್ತಾ ಬಂತು. ಬೋರಿಂಗಿನ ಹಿಡಿ ನಮ್ಮ ಕೈಗೆ ಬಂದಿದೆ. ಸ್ಪ್ಯಾನರೂ ಬರಬೇಕು. ಆಗ ಜೀಪಿನಲ್ಲಿ ಬಂದವರಿಗೆ ನಾವೇ ಹೇಳಬಹುದು: ಬನ್ನಿ ಸ್ವಾಮಿ, ಕೂತ್ಕೊಳ್ಳಿ, ಏನಾಗಿದೆ ಅಂತ ನಮಗೆ ಗೊತ್ತು.